ಚೆಕಿಂಗ್ ಟೇಬಲ್ಲಿನ ಅಕ್ಕ ಮತ್ತು ಮೂರು ದೇಶದ ಅಕ್ಷರ

ದುಭಾಷಿಯ ಊಟ ಯಾವಾಗಲೂ ತಣ್ಣಗಿರುತ್ತದೆ. ಈ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಎದುರಿನವರು ತುತ್ತು ಬಾಯಿಗಿಟ್ಟಾಗ ನಾವು ಮಾತಾಡುತ್ತಿರುತ್ತೇವೆ, ಅವರು ಮಾತಾಡುವಾಗ ಕಿವಿಗೊಟ್ಟು ಕೂತಿರುತ್ತೇವೆ, ಎಲ್ಲರೂ ಕೈ ತೊಳೆಯಲು ಎದ್ದಾಗ ನಮ್ಮ ತಟ್ಟೆಯ ಅನ್ನ ಗಟ್ಟಿಯಾಗಿರುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪೀಣ್ಯ, ದಾಸರಹಳ್ಳಿ, ಯಶವಂತಪುರದ ಕಾರ್ಖಾನೆಗಳಲ್ಲಿ ಜಪಾನೀ, ಚೀನೀ ಮತ್ತು ಸ್ವಲ್ಪ ಕೊರಿಯನ್ ಮಾತನ್ನು ಕನ್ನಡಕ್ಕೆ ತಂದು, ಕನ್ನಡವನ್ನು ಅವರಿಗೆ ದಾಟಿಸಿ, ಎರಡು ವರ್ಷದ ಹಿಂದೆ ಸಾಕು ಅಂತ ಯಲಹಂಕದ ಮನೆಯಲ್ಲಿ ಕೂತೆ. ಈಗ ಬಿಸಿ ಊಟ ಮಾಡುತ್ತೇನೆ.

ಯಾವ ಕಂಪನಿಯವರು ಶಾಲು ಹೊದಿಸಿದರು, ಯಾರು ಹಾರ ಹಾಕಿದರು ಎನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ನಿಮಗೆ ಉಪಯೋಗವಿಲ್ಲ, ನನಗೂ ಬೇಜಾರು. ಒಂದೇ ಒಂದು ಪದದ ಬಗ್ಗೆ ಬರೆಯುತ್ತೇನೆ, ಅಕ್ಕ ಎನ್ನುವ ಪದ. ಅದನ್ನು ದಾಟಿಸದೆ ಬಿಟ್ಟು, ಇಪ್ಪತ್ತು ವರ್ಷ ದುಡಿದಿದ್ದ ಒಬ್ಬ ಹೆಂಗಸಿನ ಕೆಲಸ ಹೋಗುವ ಹಾಗೆ ಮಾಡಿದ್ದೆ. ಹೊಸಬರು ಅದನ್ನು ತಿಳಿದುಕೊಳ್ಳಬೇಕು.

ನಾನು ಜಪಾನೀ ಕಲಿತದ್ದು ಸಂಜೆ ತರಗತಿಗಳಲ್ಲಿ. ಆಗ ನಾವಿದ್ದದ್ದು ಮತ್ತಿಕೆರೆಯಲ್ಲಿ. ಎರಡನೇ ತಿಂಗಳಿಗೆ ನೆಂಟಸ್ತಿಕೆಯ ಪದಗಳು ಬಂದವು. ಅಕ್ಕನಿಗೆ ಜಪಾನೀಯಲ್ಲಿ ‘ಅನೆ’ ಅನ್ನುತ್ತಾರೆ ಎಂದು ಮೇಷ್ಟ್ರು ಹೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಯಾರೋ ಆನೆಯ ಹಾಗೆ ಘೀಳಿಟ್ಟರು, ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಆ ಅಕ್ಷರ ಬಹಳ ಹಿಡಿಸಿತು. 姉. ಎಡಗಡೆ ಹೆಣ್ಣು ಎನ್ನುವ ಗುರುತು, ಬಲಗಡೆ ಪೇಟೆ ಎನ್ನುವ ಅಕ್ಷರದ ಹಾಗೆ ಕಾಣುವ ಇನ್ನೊಂದು. ಅದು ನಿಜವಾಗಿ ಪೇಟೆಯಲ್ಲ, ಬೇರೆ ಯಾವುದೋ ಹಳೆಯ ಆಕಾರ ಸವೆದು ಹಾಗಾಗಿದೆ ಎಂದು ಮೇಷ್ಟ್ರು ತಿದ್ದಿದರು. ಆದರೂ ನನಗೆ ಅದನ್ನು ಬರೆದಾಗೆಲ್ಲ ಚೀಲ ಹಿಡಿದು ತರಕಾರಿಗೆ ಹೊರಟ ನಮ್ಮ ದೊಡ್ಡಕ್ಕನೇ ಕಾಣುತ್ತಿದ್ದಳು.

ಈ ಭಾಷೆಗಳು ಒಂದು ವಿಷಯದಲ್ಲಿ ನಮಗೆ ಬಲು ಹತ್ತಿರ. ಅಕ್ಕ ಬೇರೆ, ತಂಗಿ ಬೇರೆ. ನಡುವೆ ನಿಂತು ತೊಂದರೆ ಕೊಡುವುದು ಇಂಗ್ಲಿಷು. ಕಾರ್ಖಾನೆಯ ಕಾಗದ ಪತ್ರಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತಿದ್ದವು. ಅದರಲ್ಲಿ ‘ಸಿಸ್ಟರ್’ ಅಂತ ಇದ್ದರೆ ಜಪಾನಿನವರಿಗೆ ಏನು ಬರೆಯುವುದು? ನಾನು ಫೋನು ಮಾಡಿ ಕೇಳುತ್ತಿದ್ದೆ, “ಸಾರ್, ನಿಮ್ಮ ಸಿಸ್ಟರು ಅಕ್ಕನೋ ತಂಗಿಯೋ?” ಅಂತ. ಒಬ್ಬ ಅಧಿಕಾರಿ ರೇಗಿದರು. “ಅದೆಲ್ಲ ನಿಮಗ್ಯಾಕ್ ಬೇಕ್ರೀ? ಸಂಬಂಧ ಏನಾದ್ರೂ ತಂದಿದ್ದೀರಾ?” ಈಗಿನವರು ಫೋನನ್ನೇ ಕೇಳುತ್ತೀರಿ. ಫೋನು ಯಾರನ್ನೂ ಕೇಳದೆ ಒಮ್ಮೊಮ್ಮೆ ಅಕ್ಕನನ್ನು ತಂಗಿ ಮಾಡಿಬಿಡುತ್ತದೆ. ನನ್ನ ಮಾತು ಕೇಳಿ, ನಾಚಿಕೆ ಬಿಟ್ಟು ಮನುಷ್ಯರನ್ನೇ ಕೇಳಿ.

ನನಗೆ ಕೆಲಸ ಕಲಿಸಿದವರು ಶೇಷಗಿರಿ ರಾಯರು. ಯಶವಂತಪುರದ ಒಂದು ಬಟ್ಟೆ ಅಂಗಡಿಯ ಮೇಲೆ ಅವರ ಅನುವಾದದ ಕಚೇರಿ ಇತ್ತು. ಎರಡು ಮೇಜು, ಒಂದು ಫ್ಯಾಕ್ಸ್ ಯಂತ್ರ, ಗೆರೆ ಎಣಿಸಿ ಅಕ್ಷರ ಹುಡುಕುವ ದಪ್ಪ ನಿಘಂಟುಗಳು. ರಾಯರ ಬಾಯಿ ಒರಟು, ಮನಸ್ಸು ಮೆತ್ತಗೆ. ನನ್ನ ಮೊದಲ ದೊಡ್ಡ ಎಡವಟ್ಟಿಗೂ ಅವರೇ ಸಾಕ್ಷಿ. ಒಂದು ಕಾರ್ಖಾನೆಯಲ್ಲಿ ಆಪರೇಟರ್ ಒಬ್ಬ ಪಕ್ಕದವನಿಗೆ, “ಅಣ್ಣ, ಆಯಿಲ್ ಬಿಡಣ್ಣ” ಅಂದ. ನಾನು ಹೊಸಬಳು, ಪ್ರಾಮಾಣಿಕಳು. ಅಣ್ಣನಿಗೆ ಅಣ್ಣ ಎಂದೇ ದಾಟಿಸಿದೆ. ಜಪಾನಿನ ಅತಿಥಿ ಪುಸ್ತಕದಲ್ಲಿ ಬರೆದುಕೊಂಡರು. ಸಂಜೆಯೊಳಗೆ ಅವರ ಪುಸ್ತಕದಲ್ಲಿ ಎಂಟು ಜೋಡಿ ಅಣ್ಣತಮ್ಮಂದಿರಾಗಿದ್ದರು. ಹೊರಡುವಾಗ ಅವರು ಮಾಲೀಕರ ಕೈಕುಲುಕಿ, ಇಡೀ ಕಾರ್ಖಾನೆ ಒಂದೇ ಮನೆತನದವರಿಂದ ನಡೆಯುತ್ತಿರುವುದು ನೋಡಿ ಸಂತೋಷವಾಯಿತು ಎಂದರು. ಮಾಲೀಕರು ನನ್ನ ಮುಖ ನೋಡಿದರು. ನಾನು ರಾಯರ ಮುಖ ನೋಡಿದೆ.

ವಾಪಸು ಬರುವ ಬಸ್ಸಿನಲ್ಲಿ ರಾಯರು ನಿಯಮ ಹೇಳಿಕೊಟ್ಟರು. “ನೋಡು ಸುಮಿತ್ರಾ, ಅಣ್ಣ, ಅಕ್ಕ, ಗುರು, ಮಚ್ಚಾ, ಇವೆಲ್ಲ ಸರಕಲ್ಲ, ಪ್ಯಾಕಿಂಗು. ಬಿಚ್ಚಿ ಆಚೆಗೆ ಹಾಕ್ಬೇಕು, ಒಳಗಿರೋದನ್ನ ಮಾತ್ರ ಕೊಡ್ಬೇಕು. ತಿಳೀತಾ?” ತಿಳಿಯಿತು. ಅಂದಿನಿಂದ ಯಾರು ಯಾರನ್ನು ಏನಂತ ಕರೆದರೂ ನಾನು ಹುದ್ದೆ ಹೇಳುತ್ತಿದ್ದೆ. ಆಪರೇಟರ್, ಫಿಟ್ಟರ್, ಸೂಪರ್‌ವೈಸರ್, ಹೆಲ್ಪರ್. ನಿಯಮ ಚೆನ್ನಾಗಿಯೇ ಕೆಲಸ ಮಾಡಿತು. ನನ್ನ ಅನುವಾದ ಚುರುಕು, ಸ್ವಚ್ಛ ಎಂದು ಹೆಸರೂ ಬಂತು.

ದಾಸರಹಳ್ಳಿಯ ಹತ್ತಿರದ ಆ ಕಾರ್ಖಾನೆಗೆ ನಾನು ಹತ್ತು ವರ್ಷಕ್ಕೂ ಹೆಚ್ಚು ಹೋಗಿಬಂದೆ. ಹೆಸರು ಬೇಡ. ಸಣ್ಣ ಸಣ್ಣ ಉಕ್ಕಿನ ಶಾಫ್ಟುಗಳನ್ನು ಉಜ್ಜಿ ನುಣುಪು ಮಾಡಿ ಹೊರದೇಶಕ್ಕೆ ಕಳಿಸುವ ಜಾಗ. ಉಜ್ಜುವ ಯಂತ್ರದ ಪಕ್ಕ ಒಂದು ಮೇಜು, ಮೇಲೆ ಒಂದು ಟ್ಯೂಬ್‌ಲೈಟು, ಕೆಳಗೆ ಗೌರಮ್ಮ. ಮಾಕಳಿಯವರು. ಕಸ ಗುಡಿಸುವುದಕ್ಕೆ ಸೇರಿ, ಆಮೇಲೆ ಯಾವಾಗಲೋ ಆ ಮೇಜಿಗೆ ಬಂದು ಕೂತವರು. ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿನ ಕೆಳಗೆ ಒಂದು ಸುತ್ತು ತಿರುಗಿಸುತ್ತಿದ್ದರು. ಕೂದಲಿನಷ್ಟು ಗೆರೆ ಇದ್ದರೂ ಕೆಂಪು ತಟ್ಟೆಗೆ, ಇಲ್ಲದಿದ್ದರೆ ಹಸಿರು ತಟ್ಟೆಗೆ. ಮಾತಾಡುತ್ತಲೇ ಮಾಡುತ್ತಿದ್ದರು, ಕಣ್ಣು ಮಾತ್ರ ಮಾತಿನ ಜೊತೆ ಹೋಗುತ್ತಿರಲಿಲ್ಲ. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಅಕ್ಕ ಅಂತ. ಮ್ಯಾನೇಜರ್ ನಾಗರಾಜ್ ಕೂಡ ಅಕ್ಕ ಅನ್ನುತ್ತಿದ್ದರು. ವಯಸ್ಸಿನಲ್ಲಿ ನಾನೇ ದೊಡ್ಡವಳು, ಆದರೂ ಹೋದ ತಕ್ಷಣ, “ಅಕ್ಕ, ಸ್ವಲ್ಪ ನೀರು ಕೊಡಿ” ಅನ್ನುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಅವರು ಹೆಲ್ಪರ್.

ಒಮ್ಮೆ ಕೊರಿಯಾದಿಂದ ಹಾನ್ ಎನ್ನುವ ಹೆಂಗಸು ಶಾಫ್ಟು ಕೊಳ್ಳಲು ಬಂದಿದ್ದರು. ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವರೇ ನನ್ನ ಕಡೆ ತಿರುಗಿ, ಇವರ ವಯಸ್ಸೆಷ್ಟು ಕೇಳಿ ಎಂದರು. ನನಗೆ ಮುಜುಗರ. ಬಂದವರು ಸರಕಿನ ಬೆಲೆ ಕೇಳುವ ಮೊದಲು ಹೆಂಗಸರ ವಯಸ್ಸು ಕೇಳುವುದೇ? ಆದರೂ ಕೇಳಿದೆ.

“ವಯಸ್ಸಾ? ಯಾರು ಬರ್ದಿಟ್ಟವ್ರೆ ಮೇಡಮ್ಮೋರೆ?” ಎಂದರು ಗೌರಮ್ಮ, ಶಾಫ್ಟು ತಿರುಗಿಸುತ್ತಲೇ. “ನನ್ ದೊಡ್ ಮಗಳ ಮಗೀಗೆ ನಾಕು ತುಂಬ್ತು. ಅವ್ರೇ ಲೆಕ್ಕ ಆಕ್ಕೊಳ್ಳಿ ಅನ್ನಿ.”

ಹಾನ್ ಲೆಕ್ಕ ಹಾಕಿದರು. ತನಗಿಂತ ದೊಡ್ಡವರು ಎಂದು ಖಚಿತವಾದ ಮೇಲೆ ಮುಖ ಸಡಿಲವಾಯಿತು. “ಹಾಗಾದ್ರೆ ನನಗೆ ಒನ್ನಿ” ಎಂದರು. ಹೆಣ್ಣು ತನ್ನ ಅಕ್ಕನನ್ನು ಕರೆಯುವುದು ಒನ್ನಿ ಅಂತ, ಗಂಡಾದರೆ ನೂನಾ ಅಂತ. ಚೀನೀ ಅಕ್ಷರ ಅವರ ಹಳೆಯ ಕಾಗದಗಳಲ್ಲೂ ಇದೆ, 姊 ಎಂದು ಬರೆದು ‘ಜ’ ಎಂದು ಓದುತ್ತಾರೆ, ಆದರೆ ಹಾಗಂತ ಯಾರೂ ಯಾರನ್ನೂ ಕೂಗುವುದಿಲ್ಲ ಎಂದು ಊಟದ ಹೊತ್ತಿನಲ್ಲಿ ವಿವರಿಸಿದರು. ವಯಸ್ಸು ಗೊತ್ತಾಗದೆ ಬಾಯಿ ತೆರೆಯುವುದೇ ಅವರಿಗೆ ಕಷ್ಟವಂತೆ. ನಾನು ಅದನ್ನು ಕುತೂಹಲದ ಸಂಗತಿ ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ, ಅಷ್ಟಕ್ಕೇ ಮುಗಿಸಿದೆ.

ಆಮೇಲೆ ಹೊಸ ಯಂತ್ರ ಬಂತು, ಅದನ್ನು ಕೂರಿಸಲು ಚೀನಾದಿಂದ ಚೆನ್ ಎನ್ನುವ ಯುವಕ ಬಂದ. ನಲವತ್ತು ದಾಟಿದ ಮೇಲೆ ನಾನು ಚೀನೀ ಕಲಿತದ್ದು ಇಂಥ ಯಂತ್ರಗಳ ದೆಸೆಯಿಂದಲೇ. ಚೆನ್ ಆರು ವಾರ ಇದ್ದ. ಮೊದಲ ವಾರವೇ ಕ್ಯಾಂಟೀನಿನ ಸಾರು ಅವನ ಹೊಟ್ಟೆಗೆ ಒಗ್ಗದೆ ಮಲಗಿಬಿಟ್ಟ. ಗೌರಮ್ಮ ಮನೆಯಿಂದ ಅಕ್ಕಿ ಗಂಜಿ ತಂದು, ಉಪ್ಪು ಹಾಕಿ ಕೊಟ್ಟರು. ಅವನು ಒಂದು ಗುಟುಕು ಕುಡಿದು ಕಣ್ಣು ಒರೆಸಿಕೊಂಡ. ಅವರ ಮನೆಯಲ್ಲೂ ಜ್ವರ ಬಂದರೆ ಇದೇ ಕೊಡುತ್ತಾರಂತೆ. ಮರುದಿನದಿಂದ ನನ್ನನ್ನು ಕೇಳದೆ, ಯಾರೂ ಹೇಳಿಕೊಡದೆ, ಅವನು ಗೌರಮ್ಮನನ್ನು ‘ದಾ ಜಿಯೆ’ ಎಂದು ಕರೆಯತೊಡಗಿದ. ದೊಡ್ಡಕ್ಕ.

ಒಂದು ದಿನ ಹಳೆಯ ಪೇಪರಿನ ಮೇಲೆ ಗ್ರೀಸ್ ಹತ್ತಿದ ಬೆರಳಿನಿಂದ 姐 ಎಂದು ಬರೆದು ಗೌರಮ್ಮನ ಕಡೆ ತೋರಿಸಿದ.

“ಏನ್ ಮೇಡಮ್ಮೋರೆ ಅದು?”

“ಅಕ್ಕ ಅಂತ ಬರ್ದಿದ್ದಾನೆ. ನೀವೇ ಅದು.”

ಗೌರಮ್ಮ ಪೇಪರನ್ನು ಬೆಳಕಿಗೆ ಹಿಡಿದು ನೋಡಿದರು. “ಈ ಕಡೆ ಯಾರೋ ಕಾಲ್ ಮಡಿಸ್ಕೊಂಡ್ ಕುಂತವ್ರೆ. ಆ ಕಡೆ ಬೀರು ಇದ್ದಂಗೈತೆ” ಎಂದರು. ಎಡಗಡೆಯದು ಹೆಣ್ಣು, ಬಲಗಡೆಯದು ಉಚ್ಚಾರಣೆ ತಿಳಿಯಲು ಇಟ್ಟದ್ದು ಎಂದು ನಾನು ಪಾಂಡಿತ್ಯ ತೋರಿಸಿದೆ. ಚೆನ್ ಇನ್ನೊಂದು ಮಾತು ಹೇಳಿದ. ಬಹಳ ಹಿಂದೆ ಅವರ ದೇಶದ ಒಂದು ಸೀಮೆಯಲ್ಲಿ ಈ ಅಕ್ಷರವನ್ನು ತಾಯಿಗೆ ಬಳಸುತ್ತಿದ್ದರು ಅಂತ ಶಾಲೆಯಲ್ಲಿ ಕೇಳಿದ್ದನಂತೆ. ನನ್ನ ಚಿಕ್ಕಪ್ಪನ ಮಕ್ಕಳು ಹೆತ್ತ ತಾಯಿಯನ್ನೇ ಅಕ್ಕ ಅನ್ನುತ್ತಿದ್ದದ್ದು ನೆನಪಾಯಿತು. ಹೀಗೆ ಕೊರಿಯಾದವರೂ ಚೀನಾದವರೂ ಬಂದು, ನಾನು ಪ್ಯಾಕಿಂಗು ಅಂತ ಬಿಸಾಕುತ್ತಿದ್ದದ್ದನ್ನು ಜೋಪಾನವಾಗಿ ಎತ್ತಿಕೊಂಡು ಹೋಗಿದ್ದರು. ನನಗೆ ಬುದ್ಧಿ ಬರಲಿಲ್ಲ.

ಆಮೇಲಿನ ವರ್ಷ ಜಪಾನಿಗೆ ಹೋದ ಒಂದು ಲಾಟ್ ಶಾಫ್ಟು ಪೂರ್ತಿ ವಾಪಸು ಬಂತು. ಕೂದಲು ಗೆರೆ. ಕಾರಣ ಹುಡುಕಲು ಒಗಾವಾ ಎನ್ನುವ ಹಿರಿಯ ಪರೀಕ್ಷಕರು ಬಂದರು. ಅರವತ್ತರ ಹತ್ತಿರದವರು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುವ ಅಭ್ಯಾಸ, ಜೋರು ದನಿಯಿಲ್ಲ. ಅವರ ಪದ್ಧತಿ ಏನೆಂದರೆ ಒಬ್ಬೊಬ್ಬರನ್ನೂ ಕೂರಿಸಿ ಯಾಕೆ, ಯಾಕೆ ಅಂತ ಐದು ಸಲ ಕೇಳುವುದು. ಎರಡು ದಿನದ ಸಭೆ. ಮ್ಯಾನೇಜರ್ ನಾಗರಾಜ್, ಶಿಫ್ಟ್ ಇನ್‌ಚಾರ್ಜ್, ಯಂತ್ರದ ಆಪರೇಟರ್ ಸಿದ್ದರಾಜು ಇದ್ದರು. ಕೊನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೌರಮ್ಮ. ನಾನು ಮಾತು ದಾಟಿಸುವುದರ ಜೊತೆಗೆ ಜಪಾನೀ ನಡಾವಳಿಯನ್ನೂ ಲ್ಯಾಪ್‌ಟಾಪಿನಲ್ಲಿ ಹೊಡೆಯಬೇಕಿತ್ತು.

ಸಿದ್ದರಾಜು ಹೇಳಿದ್ದು ಇಷ್ಟು. “ಅಕ್ಕ ಗೆರೆ ಬರ್ತಾ ಐತೆ ನಿಲ್ಸು ಅಂದ್ರು, ನಿಲ್ಸಿದೆ. ಆಮೇಲೆ ಸಾರ್ ಬಂದು, ಲಾರಿ ಕಾಯ್ತಾ ಇದೆ ಓಡ್ಸು ಅಂದ್ರು. ಅಕ್ಕ ಬೇಡ ಅಂತಿದ್ದಾರೆ ಸಾರ್ ಅಂದೆ. ಕೇಳ್ಲಿಲ್ಲ. ಓಡ್ಸಿದೆ.”

ನಾನು ನಿಯಮದ ಪ್ರಕಾರ ಪ್ಯಾಕಿಂಗು ಬಿಚ್ಚಿದೆ. ಹೆಲ್ಪರ್ ನಿಲ್ಲಿಸಲು ಹೇಳಿದಳು, ನಿಲ್ಲಿಸಿದೆ. ಇನ್‌ಚಾರ್ಜ್ ಓಡಿಸಲು ಹೇಳಿದರು. ಹೆಲ್ಪರ್ ಬೇಡ ಎನ್ನುತ್ತಿದ್ದಾಳೆ ಎಂದೆ. ಓಡಿಸಿದೆ. ಹೆಲ್ಪರಿಗೆ ಜಪಾನೀಯಲ್ಲಿ ‘ಹೆರುಪಾ’ ಎನ್ನುತ್ತಾರೆ, ಇಂಗ್ಲಿಷಿನ ಹೆಲ್ಪರ್ ಪದವೇ. ಒಂದಕ್ಷರ ತಪ್ಪಿಲ್ಲದ ಅನುವಾದ ಎಂದು ಆ ಕ್ಷಣದಲ್ಲಿ ನಾನು ಪ್ರಮಾಣ ಮಾಡುತ್ತಿದ್ದೆ.

ಒಗಾವಾ ಪೆನ್ಸಿಲ್ ತೆಗೆದರು. ಅವರ ಕಣ್ಣಿಗೆ ಕಂಡದ್ದು ಬೇರೆಯೇ. ಯಾವ ಅಧಿಕಾರವೂ ಇಲ್ಲದ ಹೆಲ್ಪರ್ ಒಬ್ಬಳು ಹೇಳಿದರೆ ಇಲ್ಲಿ ಯಂತ್ರ ನಿಲ್ಲುತ್ತದೆ. ಯಾರು ಯಾರೋ ನಿಲ್ಲಿಸುವುದರಿಂದ ನಿಲ್ಲಿಸಿದ್ದಕ್ಕೆ ಬೆಲೆಯಿಲ್ಲ. ಇನ್‌ಚಾರ್ಜ್ ಅದನ್ನು ಗಂಭೀರವಾಗಿ ತೆಗೆದುಕೊಳ್ಳದಿರುವುದಕ್ಕೂ, ಮೇಲಕ್ಕೆ ತಿಳಿಸದಿರುವುದಕ್ಕೂ ಇದೇ ಮೂಲ. ಪರಿಹಾರದ ಪಟ್ಟಿಯಲ್ಲಿ ಮೂರು ಸಾಲು ಬರೆಸಿದರು. ಇನ್‌ಚಾರ್ಜಿಗೆ ತರಬೇತಿ. ಯಂತ್ರಕ್ಕೆ ಹೊಸ ಉಜ್ಜುವ ಕಲ್ಲು. ಹೆಲ್ಪರನ್ನು ಲೈನಿನಿಂದ ತೆಗೆಯುವುದು. ಅವರು ಹೇಳಿದ್ದನ್ನು ನನ್ನ ಕೈಯಾರೆ ನಾನೇ ಹೊಡೆದೆ.

ಊಟದ ಬಿಡುವಿನಲ್ಲಿ ನಾಗರಾಜರನ್ನು ಕೇಳಿದೆ, ತೆಗೆದರೆ ಗೌರಮ್ಮ ಎಲ್ಲಿಗೆ ಅಂತ. “ಎಲ್ಲಿಗೆ ಅಂತ ಹಾಕ್ಲಿ ಮೇಡಂ? ಪ್ಯಾಕಿಂಗಲ್ಲಿ ಜಾಗ ಇಲ್ಲ, ಗುಡಿಸೋದನ್ನ ಕಾಂಟ್ರಾಕ್ಟಿಗೆ ಕೊಟ್ಟಾಯ್ತು. ಮನೆಗೇ ಹೋಗ್ಬೇಕು. ಕಸ್ಟಮರ್ ಬರೆದ್ರೆ ಮುಗೀತು.” ಅವರ ಮುಖ ಸಪ್ಪಗಿತ್ತು. ಮಾಲೀಕರ ಮುಂದೆ ನಿಂತು ಮಾತಾಡುವ ಧೈರ್ಯ ಅವರಿಗಿರಲಿಲ್ಲ, ನನಗೂ ಅದು ನನ್ನ ಕೆಲಸ ಎನ್ನಿಸಲಿಲ್ಲ.

ಕೈ ತೊಳೆಯುವ ನಲ್ಲಿಯ ಹತ್ತಿರ ಗೌರಮ್ಮ ಸಿಕ್ಕಿದರು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದರು.

“ಮೇಡಮ್ಮೋರೆ, ಒಂದ್ ಮಾತು. ಎಲ್ಪರ್ ಎಲ್ಪರ್ ಅಂತ ಬತ್ತಾನೇ ಇತ್ತಲ್ಲ ಅವ್ರ್ ಮಾತಾಗೆ. ಅದು ನನ್ನಾ?”

ಆ ಭಾಷೆಯಲ್ಲಿ ಅವರಿಗೆ ಗೊತ್ತಿದ್ದದ್ದು ಆ ಒಂದೇ ಪದ, ಅದನ್ನೇ ಹಿಡಿದಿದ್ದರು. ಹೌದು ಎಂದೆ.

“ಅವ್ರಿಗೆ ನಾನ್ಯಾರು ಅಂತ ಏನ್ ಗೊತ್ತು? ನೀವೇ ಏಳಿದ್ರಾ?”

“ಪುಸ್ತಕದಲ್ಲಿ ಹಾಗೇ ಇದೆಯಲ್ಲ ಅಕ್ಕ.”

“ನೋಡಿ, ಈಗ್ಲೂ ಅಕ್ಕ ಅಂದ್ರಿ.” ಅವರ ದನಿ ಏರಲಿಲ್ಲ. “ನೀರ್ ಕೇಳೋವಾಗ ಅಕ್ಕ ಅಂತೀರ. ಅವ್ರ ಮುಂದೆ ಎಲ್ಪರ್ ಅಂತೀರ. ಸಿದ್ದರಾಜು ಅಂಗಂದ್ನಾ? ಒಂದ್ ಸಲನಾದ್ರೂ ಅಂದ್ನಾ?”

ಅವನು ಒಂದು ಸಲವೂ ಅಂದಿರಲಿಲ್ಲ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷದ ಸ್ವಚ್ಛ ಅನುವಾದವೆಲ್ಲ ಆ ನಲ್ಲಿಯ ಬುಡದಲ್ಲಿ ಕೊಳೆಯಾಗಿ ಕಂಡಿತು. ಸಿದ್ದರಾಜು ಯಂತ್ರ ನಿಲ್ಲಿಸಿದ್ದು ಹೆಲ್ಪರ್ ಮಾತಿಗಲ್ಲ. ಅಕ್ಕ ಹೇಳಿದರು ಅಂತ ನಿಲ್ಲಿಸಿದ. ಆ ಲೈನಿನಲ್ಲಿ ಅಧಿಕಾರ ಇದ್ದದ್ದೇ ಆ ಒಂದು ಪದದಲ್ಲಿ, ಅದನ್ನು ಯಾರೂ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ನಾನು ಬಿಚ್ಚಿ ಎಸೆದದ್ದು ಅದನ್ನೇ.

ಸಂಜೆ ರಾಯರಿಗೆ ಫೋನು ಮಾಡಿದೆ. ಅಷ್ಟು ಹೊತ್ತಿಗೆ ಅವರಿಗೆ ಎಂಬತ್ತಾಗಿತ್ತು, ಕಚೇರಿಗೆ ದಿನ ಬಿಟ್ಟು ದಿನ ಬರುತ್ತಿದ್ದರು. ಪೂರ್ತಿ ಕೇಳಿ ರೇಗಿದರು. “ನೀವು ಹೇಳಿದ್ದನ್ನ ನೀವೇ ತಪ್ಪು ಅಂದ್ರೆ ನಾಳೆಯಿಂದ ಯಾರ್ರೀ ನಮ್ಮನ್ನ ಕರೀತಾರೆ? ದುಭಾಷಿಗೆ ಸ್ವಂತ ಬಾಯಿ ಇರಬಾರ್ದು.” ಸಿಟ್ಟು ಬಂದರೆ ಮಾತ್ರ ಅವರು ನನಗೆ ಬಹುವಚನ ಹಾಕುತ್ತಿದ್ದರು.

“ಸ್ವಂತ ಮಾತು ಹೇಳೋಲ್ಲ ರಾಯರೇ. ಅವನು ಹೇಳಿದ್ದನ್ನ ನಾನು ಹೇಳಿಲ್ಲ. ಅದನ್ನ ಹೇಳ್ತೀನಿ.”

“ಅದಕ್ಕೊಂದು ಕ್ರಮ ಇದೆ” ಎಂದರು ರಾಯರು. “ಸಭೆ ಶುರುವಾಗೋ ಮೊದ್ಲೇ ಕೈ ಎತ್ತು. ದುಭಾಷಿಯ ತಪ್ಪು ಅನ್ನು. ಆಪರೇಟರ್ ಮೇಲೂ ಹಾಕ್ಬೇಡ, ನನ್ನ ನಿಯಮದ ಮೇಲೂ ಹಾಕ್ಬೇಡ. ಪೂರ್ತಿ ನಿಂದೇ ಅಂತ ಹೇಳು. ಆಗ ಕೇಳ್ತಾರೆ.”

ಮರುದಿನ ಬೆಳಿಗ್ಗೆ ಕೈ ಎತ್ತಿದೆ. ನಿನ್ನೆಯ ಅನುವಾದದಲ್ಲಿ ತಪ್ಪಾಗಿದೆ, ತಪ್ಪು ನನ್ನದು, ತಿದ್ದಲು ಅನುಮತಿ ಬೇಕು ಎಂದೆ. ಒಗಾವಾ ಪೆನ್ಸಿಲನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರು. ಯಾವ ಪದ ಎಂದು ಕೇಳಿದರು. ಬಿಳಿ ಬೋರ್ಡಿನ ಮೇಲೆ 姉 ಎಂದು ಬರೆದೆ.

“ಆಪರೇಟರನ ಅಕ್ಕನೇ ಇವರು?”

“ಅಲ್ಲ. ಈ ಲೈನಿನಲ್ಲಿ ಯಾರಿಗೂ ಇವರು ರಕ್ತ ಸಂಬಂಧಿಯಲ್ಲ. ಎಲ್ಲರಿಗೂ ಅಕ್ಕ. ಆಪರೇಟರ್ ನಿನ್ನೆ ಹೆಲ್ಪರ್ ಎಂಬ ಪದವನ್ನೇ ಬಳಸಲಿಲ್ಲ.”

“ಅಕ್ಕ ಎನ್ನುವ ಈ ಹುದ್ದೆ ಕೊಟ್ಟವರು ಯಾರು?”

ಅದನ್ನು ನಾಗರಾಜರಿಗೆ ದಾಟಿಸಿದೆ. ಅವರು ಕತ್ತು ಸವರಿಕೊಂಡರು. “ಯಾರು ಕೊಟ್ರು ಅಂತ ಹೇಳ್ಲಿ? ನಾನು ಕೆಲ್ಸಕ್ಕೆ ಸೇರಿದ್ ದಿನ ನನಗೆ ಲೈನ್ ತೋರ್ಸಿದ್ದೇ ಅಕ್ಕ.” ಈ ಸಲ ಒಂದಕ್ಷರವನ್ನೂ ಬಿಡದೆ ಹೇಳಿದೆ.

ಒಗಾವಾ ಒಳ್ಳೆಯವರು, ಆದರೆ ಸುಲಭಕ್ಕೆ ಬಗ್ಗುವವರಲ್ಲ. ಇದು ನಿಮ್ಮ ನಿಮ್ಮ ಭಾವನೆ, ವ್ಯವಸ್ಥೆಯಲ್ಲ ಎಂದರು. ಜನ ಹೇಳಿದ್ದೊಂದು ನಡಾವಳಿಯಲ್ಲಿ ಇರುವುದೊಂದು ಆಗಬಾರದು, ಪದ ತಿದ್ದಿ, ಆದರೆ ಪರಿಹಾರ ಬದಲಾಗುವುದಿಲ್ಲ ಎಂದರು. ಕೂತು ತಿದ್ದಿದೆ. ಹೆಲ್ಪರ್ ಇರುವ ಕಡೆಯಲ್ಲೆಲ್ಲ 姉 ಹಾಕು ಎಂದು ಕಂಪ್ಯೂಟರಿಗೆ ಹೇಳಿದೆ, ಅದು ಒಂದೇ ಕ್ಷಣದಲ್ಲಿ ಹನ್ನೊಂದು ಕಡೆ ಬದಲಿಸಿತು. ಮೂರು ಪುಟ ಅಚ್ಚು ಹಾಕಿ ತಂದೆ. ಹೆಸರು ಬಂದವರೆಲ್ಲ ಸಹಿ ಹಾಕಬೇಕಿತ್ತು. ಒಗಾವಾ ಓದಿದರು, ಸಹಿಗೆಂದು ಪೆನ್ನು ತೆರೆದರು. ಇನ್ನೊಂದು ಪ್ರತಿ ಒಬ್ಬರಿಂದ ಒಬ್ಬರಿಗೆ ದಾಟಿ ಗೌರಮ್ಮನ ಕೈಗೆ ಹೋಯಿತು.

“ಇದ್ರಾಗೆ ನಾನ್ಯಾವುದು?” ಎಂದು ಕೇಳಿದರು ಗೌರಮ್ಮ. ಪಕ್ಕಕ್ಕೆ ಹೋಗಿ 姉 ತೋರಿಸಿದೆ.

“ಆ ಚೀನಾದ ಉಡುಗ ಬರ್ದಿದ್ದು ಬೇರೆ. ಕುಂತಿರೋಳು ಅವ್ಳೇ, ಬೀರು ಇಲ್ಲ.”

“ಇವರು ಹೀಗೆ ಬರೀತಾರೆ. ಅರ್ಥ ಅದೇ.”

“ನಿನ್ನೆ ಏನಿತ್ತು?”

ಹಳೆಯ ಪ್ರತಿ ತೋರಿಸಿದೆ. ヘルパー. ಅವರು ಅದನ್ನು ನೋಡಿದರು. ಮಡಿಕೆ ಹಾಕಿದ ಗೀಟು, ಎರಡು ಕಾಲು, ಪುಟ್ಟ ಸೊನ್ನೆ, ಒಂದು ಅಡ್ಡ ಗೀಟು. ಆಮೇಲೆ ಹೊಸ ಪ್ರತಿಯನ್ನು ಎರಡು ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಮೇಲಿನಿಂದ ಕೆಳಕ್ಕೆ ಕಣ್ಣು ಓಡಿಸಿದರು. ಒಂದು ಪುಟ, ಎರಡು ಪುಟ. ಮೂರನೆಯ ಪುಟದ ಕೆಳಗೆ ಅವರ ಬೆರಳು ನಿಂತಿತು.

“ನಿಲ್ಸಿ. ಒಂದು ಉಳ್ಕೊಂಡೈತೆ.”

ಬಗ್ಗಿ ನೋಡಿದೆ. ಉಳಿದಿತ್ತು. ಪರಿಹಾರದ ಪಟ್ಟಿಯ ಚೌಕಗಳು ಕಿರಿದು. ಜಾಗ ಸಾಲದೆ ಹಿಂದಿನ ದಿನ ನಾನು ಅಲ್ಲಿ ಹೆರುಪಾ ಎಂಬುದನ್ನು ಅರ್ಧ ಅಗಲದ ಕಿರಿಯ ಅಕ್ಷರಗಳಲ್ಲಿ ಹೊಡೆದಿದ್ದೆ. ಕಂಪ್ಯೂಟರ್ ಅದನ್ನು ಬೇರೆ ಪದ ಎಂದುಕೊಂಡು ಬಿಟ್ಟುಬಿಟ್ಟಿತ್ತು. ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ, ಅರ್ಧ ಅಗಲದಲ್ಲಿ ಹೊಡೆದದ್ದನ್ನು ಬೇರೆಯಾಗಿ ಹುಡುಕಬೇಕು. ನಾನು ನೋಡಿರಲಿಲ್ಲ. ಒಗಾವಾ ಓದಿಯೂ ನೋಡಿರಲಿಲ್ಲ. ಆ ಭಾಷೆಯ ಒಂದಕ್ಷರ ಬಾರದ ಗೌರಮ್ಮ, ಕೂದಲು ಗೆರೆ ಹಿಡಿಯುವ ಹಾಗೆ ಹಿಡಿದಿದ್ದರು.

ಒಗಾವಾ ತಲೆಯೆತ್ತಿದರು. “ಏನೆನ್ನುತ್ತಿದ್ದಾರೆ?”

“ಅಕ್ಕ ನಿಲ್ಲಿಸಿ ಎನ್ನುತ್ತಿದ್ದಾರೆ,” ಎಂದೆ ಜಪಾನೀಯಲ್ಲಿ. “ಒಂದು ತಪ್ಪು ಉಳಿದಿದೆಯಂತೆ.”

ಕಾಗದದ ಹತ್ತಿರಕ್ಕೆ ಬಂದಿದ್ದ ಪೆನ್ನು ಅಲ್ಲೇ ನಿಂತಿತು. ಅವರು ಮೂರನೆಯ ಪುಟ ತೆಗೆದು, ಗೌರಮ್ಮನ ಬೆರಳಿದ್ದ ಜಾಗವನ್ನು ಹುಡುಕಿಕೊಂಡರು. ಆ ಪದವನ್ನು ಹೊಡೆದು ಹಾಕಿ, ಪಕ್ಕದಲ್ಲಿ ತಮ್ಮ ಕೈಯಿಂದಲೇ 姉 ಎಂದು ಬರೆದರು. ಆಮೇಲೆ ಸಾಲನ್ನು ಮೊದಲಿನಿಂದ ಮೆಲ್ಲಗೆ ಓದಿಕೊಂಡರು. ಅಕ್ಕನನ್ನು ಲೈನಿನಿಂದ ತೆಗೆಯುವುದು.

ಇನ್ನೊಂದು ಸಲ ಓದಿದರು. ಗೌರಮ್ಮ ಬೆರಳು ತೆಗೆಯದೆ ನಿಂತೇ ಇದ್ದರು. ಏನಾಗುತ್ತಿದೆ ಎಂದು ಅವರಿಗೆ ತಿಳಿದಿರಲಿಲ್ಲ, ತಪ್ಪು ಸರಿಹೋಯಿತೇ ಎಂದಷ್ಟೇ ನೋಡುತ್ತಿದ್ದರು. ಒಗಾವಾ ಆ ಇಡೀ ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದರು. ಕೆಳಗಿನ ಖಾಲಿ ಜಾಗದಲ್ಲಿ ಒತ್ತೊತ್ತಾಗಿ ಬರೆದು, ಕಾಗದವನ್ನು ನನ್ನ ಕಡೆ ತಳ್ಳಿ, ಇವರಿಗೆ ಓದಿ ಹೇಳಿ ಎಂದರು. ಗೌರಮ್ಮನಿಗೆ ಕೇಳುವ ಹಾಗೆ ಕನ್ನಡದಲ್ಲಿ ಓದಿದೆ.

“ಗೌರಮ್ಮ ನಿಲ್ಲಿಸಿ ಎಂದರೆ ಯಂತ್ರ ನಿಲ್ಲಿಸಬೇಕು. ಮತ್ತೆ ಓಡಿಸಬೇಕಾದರೆ ಗೌರಮ್ಮನ ಸಹಿ ಇರಬೇಕು.”

ಸಿದ್ದರಾಜು ಜೋರಾಗಿ ಉಸಿರು ಬಿಟ್ಟ. ನಾಗರಾಜ್ ಕನ್ನಡಕ ತೆಗೆದು ಒರೆಸತೊಡಗಿದರು. ಗೌರಮ್ಮ ತಿದ್ದಿದ ಕಾಗದ ಇಸಿದುಕೊಂಡು, ಮೂರು ಪುಟವನ್ನೂ ಇನ್ನೊಂದು ಸಲ ಬೆಳಕಿಗೆ ಹಿಡಿದು ನೋಡಿ, ಆಮೇಲೆ ನನ್ನ ಪೆನ್ನು ಕೇಳಿ ಸಹಿ ಹಾಕಿದರು.